ಬಾವಿ ತೋಡಿದವನ ಎಡೆ

ದೊಡ್ಡಮನೆಯಿಂದ ನನಗೆ ಫೋನು ಬಂತು. ನಮ್ಮೂರಲ್ಲಿ ದೊಡ್ಡಮನೆ ಎಂದರೆ ಒಂದೇ. ತಾತ ಜೀತಕ್ಕಿದ್ದು, ಜೀತದಲ್ಲೇ ಸತ್ತ ಮನೆ ಅದು. ಅಪ್ಪನೂ ಇಪ್ಪತ್ತು ದಾಟುವವರೆಗೆ ಅಲ್ಲಿ ದನ ಕಾದವನೇ. ಜೀತ ಮಾಡಿಸಬಾರದೆಂದು ಕಾನೂನು ಬಂದ ಮೇಲೆ ಹೊರಗೆ ಬಂದು ಗಾರೆ ಕೆಲಸ ಹಿಡಿದ. ಈಗ ಆ ಮನೆಯ ಮೊಮ್ಮಗ ಫೋನಿನಲ್ಲಿ, "ಮೇಡಂ, ನೀವು ಕಾಶೀಲಿ ಬ್ಯಾಂಕಲ್ಲಿದ್ದೀರಂತೆ. ನಮ್ಮ ತಂದೆ ತೀರಿಹೋದ್ರು. ಪಿಂಡ ಹಾಕಿಸ್ಬೇಕು, ನನಗೆ ಹಿಂದಿ ಬರಲ್ಲ," ಎನ್ನುತ್ತಿದ್ದ.

ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಕೈ ನನ್ನದು. ಪದವಿ ನನಗೆ ಸುಮ್ಮನೆ ಬಂದದ್ದಲ್ಲ. ಹಾಸ್ಟೆಲಿನ ನೀರುಸಾರು, ಬೇರೆಯವರು ಓದಿ ಬಿಟ್ಟ ಪುಸ್ತಕ, ಅಪ್ಪನ ಸುಣ್ಣ ತಿಂದ ಬೆರಳು ಎಲ್ಲ ಅದರಲ್ಲಿದೆ. ಅದರ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಆ ಮನೆಯವನ ಬಾಯಲ್ಲಿ "ಮೇಡಂ" ಕೇಳಿದಾಗ ಖುಷಿಯಾಯಿತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಅಪ್ಪ ನನ್ನ ಜೊತೆಗೇ ಇದ್ದಾನೆ. ಬಂಗಾಲಿ ಟೋಲಾದ ನಮ್ಮ ಬಾಡಿಗೆ ಮನೆಯಿಂದ ಬೆಳಿಗ್ಗೆ ಇಳಿದು ಹೋದನೆಂದರೆ ಘಾಟಿನ ಮೇಲೆ ಕೂತು ಎರಡು ಸಲ ಟೀ ಕುಡಿದೇ ವಾಪಸು. ಹಿಂದಿ ಬರುವುದು ಹಿಡಿಯಷ್ಟು, ಗೆಳೆಯರು ಬೀದಿ ತುಂಬ. ಅಂಗಡಿಯವರಿಗೆಲ್ಲ ಅವನು "ಮದ್ರಾಸಿ ಚಾಚಾ". ಫೋನಿನ ವಿಷಯ ಹೇಳಿದೆ.

"ನಾನೂ ಬತ್ತೀನಿ ಕನವ್ವ. ಅವ್ರಪ್ಪ ನಾನು ಒಂದೇ ಓರಗೆ."

"ಬಾ. ಆದ್ರೆ ಅವನಿಗೆ ಬುದ್ಧೀ ಅನ್ಬೇಡ."

ದೊಡ್ಡಮನೆಯವರು ಎದುರಾದರೆ ನಮ್ಮವರು ಚಪ್ಪಲಿ ಕೈಲಿ ಹಿಡಿದು, ಬಗ್ಗಿ, "ಬುದ್ಧೀ" ಎಂದೇ ಮಾತು ತೆಗೆಯಬೇಕಿತ್ತು.

"ನೋಡ್ತೀನಿ. ನಾಲ್ಗೆಗೆ ಅಭ್ಯಾಸ ಆಗೋಗದೆ," ಎಂದು ಅಪ್ಪ ನಕ್ಕ. ನನಗೆ ನಗು ಬರಲಿಲ್ಲ.

ಹನುಮಾನ್ ಘಾಟಿನಲ್ಲಿ ನನಗೆ ಪರಿಚಯವಿದ್ದ ಕನ್ನಡದ ಪುರೋಹಿತರೊಬ್ಬರ ಹತ್ತಿರ ಮೊಮ್ಮಗನನ್ನು ಕರೆದುಕೊಂಡು ಹೋದೆವು. ಮೊಮ್ಮಗ ನನ್ನ ವಯಸ್ಸಿನವನೇ, ಮೈಸೂರಲ್ಲಿ ಮೇಷ್ಟ್ರು, ಒಳ್ಳೆಯ ಮಾತಿನವನು. ಅಪ್ಪನನ್ನು ಕಂಡ ತಕ್ಷಣ ತಾನೇ ಮೊದಲು ಕೈಮುಗಿದ. ಅಪ್ಪನೂ ಮುಗಿದ. "ಬುದ್ಧೀ" ಬರಲಿಲ್ಲ.

ಪಿಂಡಗಳು ಒಂದೊಂದಾಗಿ ಮುಗಿದವು. ಅವನ ಅಪ್ಪ, ತಾತ, ಮುತ್ತಾತ, ತಾಯಿಯ ಕಡೆಯವರು. ಕೊನೆಗೊಂದು ಉಳಿಯಿತು. ಪುರೋಹಿತರು ಕನ್ನಡದಲ್ಲೇ ಬಿಡಿಸಿ ಹೇಳಿದರು: "ಇದು ಧರ್ಮಪಿಂಡ. ನಿಮ್ಮ ಮನೇಲಿ ದುಡಿದು ಸತ್ತ ಆಳುಗಳು, ದಾಸರು, ದನಕರು, ಇವರಿಗೆಲ್ಲ ಸೇರಿ ಒಂದು. ಹೆಸರು ಗೊತ್ತಿದ್ರೆ ಹೇಳಿ, ಇಲ್ಲದಿದ್ರೂ ನಡೆಯುತ್ತೆ."

ಮೊಮ್ಮಗನ ಮುಖ ಅರಳಿತು. ಹಿಂದೆ ಕೂತಿದ್ದ ಅಪ್ಪನ ಕಡೆ ತಿರುಗಿದ. "ನಿಮ್ಮ ತಂದೆಯವರ ಹೆಸರು ಹೇಳಿ. ನಮ್ಮನೇಲಿ ಎಲ್ಲ ಹಟ್ಟಿಯಾಳು ಅಂತಾನೇ ಅಂತಿದ್ರು. ಹೆಸರು ನನಗೆ ಗೊತ್ತಿಲ್ಲ. ಇವತ್ತು ಅವರಿಗೂ ಸಲ್ಲಲಿ."

ಮನಸ್ಸಿಟ್ಟೇ ಹೇಳಿದ, ಅದರಲ್ಲಿ ಕಪಟವಿರಲಿಲ್ಲ. ಆದರೆ ಅಪ್ಪ ಈಗ ಕೈಮುಗಿದು ಹೆಸರು ಹೇಳಿಬಿಟ್ಟರೆ? ತಾತನಿಗೂ ಕಾಶಿಯಲ್ಲಿ ಪಿಂಡ ಬಿತ್ತಲ್ಲ ಎಂದು ಸಂತೋಷಪಟ್ಟುಬಿಟ್ಟರೆ? ಹೇಳುವುದು ಬಿಡುವುದು ಮಗನಾದ ಅವನಿಗೆ ಸೇರಿದ್ದು. ನಾನು ನಾಲಿಗೆ ಕಚ್ಚಿಕೊಂಡು ಕೂತೆ.

"ಬ್ಯಾಡಿ," ಎಂದ ಅಪ್ಪ. ದನಿ ಏರಿಸಲಿಲ್ಲ. "ಬದುಕಿರೋಗಂಟ ನಿಮ್ಮನೆ ಆಳಾಗೇ ಇದ್ದ. ಸತ್ತ ಮ್ಯಾಲೂ ನಿಮ್ಮನೆ ಆಳಾಗೇ ಉಣ್ಬೇಕಾ?"

ಪುರೋಹಿತರ ಕೈ ಎಳ್ಳಿನ ತಟ್ಟೆಯ ಮೇಲೆ ನಿಂತಿತು. ಮೊಮ್ಮಗ ತಡವರಿಸಿದ. "ನಾನು ಹಾಗಂದುಕೊಂಡು..."

"ಗೊತ್ತು ಬುಡಿ. ನಾಳೆ ಅಮಾಸೆ. ನಮ್ಮನೇಲಿ ನಮ್ಮಪ್ಪಂಗೆ ಎಡೆ ಮಡಗ್ತೀವಿ. ಬನ್ನಿ. ಹೆಸ್ರು ಅಲ್ಲೇಳ್ತೀನಿ."

ಮರುದಿನ ಸಂಜೆ ಆತ ಬಂದ. ಬಾಗಿಲ ಹೊರಗೇ ನಿಂತಿದ್ದ. ನಮ್ಮ ಮನೆಗೆ ಆ ಮನೆಯವರು ಯಾರೂ ಕಾಲಿಟ್ಟವರಲ್ಲ. ಒಳಗೆ ಬರುವುದು ಹೇಗೆಂದು ಅವನಿಗೂ ತಿಳಿಯದಂತಿತ್ತು. "ಬನ್ನಿ, ಅಡುಗೆ ಆರೋಗುತ್ತೆ," ಎಂದೆ. ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು, ಎಲೆಯಡಿಕೆ, ತಾತನಿಗೆ ಪ್ರೀತಿಯ ಬೀಡಿ. ಇಲ್ಲಿ ರಾಗಿಗೆ ಮಡುವಾ ಎನ್ನುತ್ತಾರೆ; ಹಿಟ್ಟು ತಂದದ್ದೂ ಮುದ್ದೆ ತಿರುವಿದ್ದೂ ಅಪ್ಪನೇ. ಎಡೆ ಇಟ್ಟ ಮೇಲೆ ಬಾಗಿಲು ಹಾಕಿ, ಸತ್ತವರು ಉಣ್ಣಲೆಂದು ಮೂವರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು.

ಆತನೇ ಬಾಯಿಬಿಟ್ಟ. "ನಾನು ಹುಟ್ಟೋ ಹೊತ್ತಿಗೆ ಜೀತ ಇರ್ಲಿಲ್ಲ. ನಾನು ಯಾರನ್ನೂ ಇಟ್ಟುಕೊಂಡವನಲ್ಲ. ಈಗ ನಾನೇನು ಮಾಡ್ಬೇಕು, ನೀವೇ ಹೇಳಿ."

"ನಿಮ್ ಹಿತ್ಲ ಬಾವಿ ತೋಡ್ದವ್ನು ನಮ್ಮಪ್ಪ," ಎಂದ ಅಪ್ಪ. "ಅದ್ರ ಕಲ್ಮ್ಯಾಲೆ ನಿಮ್ ತಾತ ತೋಡ್ಸಿದ್ದು ಅಂತ ಬರ್ಸವ್ರೆ. ಯಾರು ತೋಡ್ದ ಅಂತ ನಿಮ್ ಮಕ್ಳಿಗೆ ಹೇಳಿ. ಸಾಕು."

ಅಪ್ಪ ಅಲ್ಲಿಗೆ ನಿಲ್ಲಿಸಿದ. ನನಗೆ ಸಾಕಾಗಲಿಲ್ಲ. "ಮಕ್ಕಳಿಗೆ ಹೇಳಿದ್ದು ಮನೆಯೊಳಗೇ ಉಳಿಯುತ್ತೆ. ನಿಮ್ಮ ತಾತನ ಪಾಪ ನಿಮ್ಮ ತಲೆಗೆ ಕಟ್ಟೋಕೆ ನಾನು ಹೊರಟಿಲ್ಲ. ಆದ್ರೆ ಆ ನೀರಲ್ಲಿ ಬೆಳೆದ ತೋಟ ಈಗ ನಿಮ್ಮದು. ಸುಳ್ಳು ಕಲ್ಲೂ ಈಗ ನಿಮ್ಮದೇ. ಪಕ್ಕದಲ್ಲಿ ಇನ್ನೊಂದು ನಿಲ್ಲಿಸಿ."

"ಅಮ್ಮನ್ನ ಕೇಳ್ಬೇಕು..."

"ಕೇಳಿ. ಫೋನಿದೆಯಲ್ಲ."

ಆತ ನನ್ನ ಮುಖ ನೋಡಿದ. ನಾನು ದೃಷ್ಟಿ ತಪ್ಪಿಸಲಿಲ್ಲ. ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

"ಅಮ್ಮಾ, ಹಿತ್ಲ ಬಾವಿ ತೋಡಿದ್ದು ಯಾರು?"

"ನಿಮ್ ತಾತ ಕಣೋ. ಕಲ್ಲಲ್ಲೇ ಇದೆಯಲ್ಲ. ಅಲ್ಲಿ ಊಟ ಮಾಡಿದ್ಯಾ?"

"ತಾತ ಗುದ್ದಲಿ ಹಿಡಿದಿದ್ರಾ?"

ಗಲ್ಲಿಯಲ್ಲಿ ಯಾರೋ ಹಸುವನ್ನು ಗದರಿಸುತ್ತಿದ್ದರು. ಆಮೇಲೆ ಆಯಮ್ಮ ನಿಧಾನವಾಗಿ ಹೇಳಿದರು: "ಹಟ್ಟಿಯಾಳು ತೋಡಿದ್ದು. ನಾನಾಗ ಹೊಸ ಸೊಸೆ. ನೀರು ಬಿದ್ದ ದಿನ ಮೈಯೆಲ್ಲ ಕೆಸರಾಗಿ ಮೇಲೆ ಬಂದ. ಅದೇ ಬಾವಿ ನೀರನ್ನ ನಾನು ಮೇಲಿಂದ ಅವನ ಬೊಗಸೆಗೆ ಹುಯ್ದೆ. ಕೊಡ ಮುಟ್ಟೋ ಹಾಗಿರ್ಲಿಲ್ಲವಲ್ಲ. ಯಾಕೋ ಈಗ ಅದೆಲ್ಲ?"

"ಇನ್ನೊಂದು ಕಲ್ಲು ಹಾಕಿಸ್ತೀನಮ್ಮ."

"ನಿಮ್ ಚಿಕ್ಕಪ್ಪ ಕುಣೀತಾನೆ."

"ಕುಣೀಲಿ."

ಅಪ್ಪ ಮೊಣಕಾಲಿನ ಮೇಲೆ ಅಂಗೈಗಳನ್ನು ಬೊಗಸೆಯಾಗಿ ಇಟ್ಟುಕೊಂಡು ಕೂತಿದ್ದ. ನಂತರ ಎದ್ದು ಬಾಗಿಲು ತೆರೆದ. ಎಡೆಯ ಮುಂದೆ ನಿಂತು ತನ್ನ ಅಪ್ಪನ ಹೆಸರನ್ನು ಗಟ್ಟಿಯಾಗಿ ಕೂಗಿದ. ದೊಡ್ಡಮನೆಯ ಮೊಮ್ಮಗ ಅದನ್ನು ತಿರುಗಿ ಹೇಳಿ ನೆಲಕ್ಕೆ ಹಣೆ ಹಚ್ಚಿದ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ಬರೆಯಬೇಕಾದ ಜಾಗ ಬೇರೆ ಇದೆ.

ಊಟಕ್ಕೆ ಕೂತಾಗ ಆತ ಹಿಂಜರಿದು, "ಪಿಂಡ ಹಾಕಿದ್ದೀನಿ, ಕೋಳಿ ತಿನ್ನೋ ಹಾಗಿಲ್ಲ," ಎಂದ.

"ಗೊತ್ತು, ಸೊಪ್ಪಿನ ಸಾರೂ ಮಾಡೀವ್ನಿ," ಎಂದ ಅಪ್ಪ. "ಮುದ್ದೆ ಅಗೀಬ್ಯಾಡಿ, ನುಂಗಿ."

"ನಮ್ಮನೇಲೂ ಮುದ್ದೇನೇ."

"ನಿಮ್ಮನೆ ಮುದ್ದೆ ಉಂಡು ಬೆಳೆದೋನು ನಾನು. ಇಷ್ಟು ಮೆತ್ತಗಿರ್ಲಿಲ್ಲ ಬುಡಿ."

ಆತ ನಕ್ಕು ಇನ್ನರ್ಧ ಹಾಕಿಸಿಕೊಂಡ.

ಕಲ್ಲು ಇನ್ನೂ ನಿಂತಿಲ್ಲ. ಚಿಕ್ಕಪ್ಪ ಕುಣಿದದ್ದು ನಿಜವೇ. ಹೋದ ಭಾನುವಾರ ಕಲ್ಲುಕುಟಿಗನಿಗೆ ಕೊಡುವ ಬರಹವನ್ನು ಆತ ಫೋನಿನಲ್ಲಿ ಓದಿ ಹೇಳಿದ. ಘಾಟಿನ ಮೇಲೆ ಅಪ್ಪ ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಫೋನು ಹಿಡಿದು ಕೂಗುತ್ತಿದ್ದ:

"ಸಹಾಯ ಮಾಡಿದ್ರು ಅಂತ ಯಾಕಾಕಿದ್ದೀರಿ? ನಮ್ಮಪ್ಪನ್ನ ಯಾರೂ ಸಹಾಯ ಕೇಳಿರ್ನಿಲ್ಲ. ಜೀತದಲ್ಲಿ ತೋಡ್ದ ಅಂತ ಹಾಕ್ಸಿ... ಹೂಂ, ಹಂಗೇ. ಅಕ್ಸರ ದೊಡ್ಡದಾಗಿರ್ಲಿ. ಮುಂದ್ಲೊರ್ಸ ನಾನು ಬಂದು ಓದಿಸ್ಕೊಬೇಕು."

ಫೋನಿಟ್ಟು, ಇನ್ನೊಂದು ಟೀಗೆ ಅಂಗಡಿಯವನತ್ತ ಬೆರಳೆತ್ತಿದ.