ಅತ್ತೆ ಆರಿಸಿದ ಚಾರ್ಜರ್

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲಿನ ಮಾತು. ಅರಿಶಿನದ ಎಲೆ ಒಣಗಿ ನೆಲಕ್ಕೆ ಮಲಗಿತ್ತು, ಇನ್ನೇನು ಕೀಳಿಸಬೇಕು ಅನ್ನುವ ಹೊತ್ತು. ಹರದನಹಳ್ಳಿಯಿಂದ ಸ್ವಲ್ಪ ಆಚೆ ನಮ್ಮ ತೋಟದ ಮನೆ. ಮನೆಯಲ್ಲಿರುವುದು ನಾನು, ನಮ್ಮ ಯಜಮಾನರು ಮತ್ತು ನಮ್ಮತ್ತೆ. ಹಿತ್ತಲ ಬಾಗಿಲು ತೆರೆದರೆ ದನ ನೀರು ಕುಡಿಯುವ ಸಿಮೆಂಟಿನ ತೊಟ್ಟಿ, ಅದರಾಚೆ ಅರಿಶಿನದ ಹೊಲ, ಹೊಲದ ಮಗ್ಗುಲಿಗೆ ಆಳೆತ್ತರದ ಕಬ್ಬು.

ಒಂದು ಸಂಜೆ ಪಾತ್ರೆ ತೊಳೆದ ನೀರು ಚೆಲ್ಲಲು ಹೋದವಳು ನಿಂತಲ್ಲೇ ನಿಂತುಬಿಟ್ಟೆ. ತೊಟ್ಟಿಯ ಅಂಚಿಗೆ ಮುಂಗಾಲು ಕೊಟ್ಟು ಏನೋ ನೀರು ಕುಡಿಯುತ್ತಿತ್ತು. ಉದ್ದನೆಯ ಬಾಲ, ಬಗ್ಗಿದ ಬೆನ್ನು. ನಾನು ಕೂಗಬೇಕು ಅನ್ನುವಷ್ಟರಲ್ಲಿ ಒಂದೇ ನೆಗೆತಕ್ಕೆ ಕಬ್ಬಿನೊಳಗೆ ಹೋಯಿತು. ಚಿರತೆ! ನಾನು ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಓಡಿದೆ.

ಯಜಮಾನರು ಎದ್ದು ಬಂದು ಟಾರ್ಚು ಬಿಟ್ಟು ನೋಡಿದರು. ತೊಟ್ಟಿಯ ಹತ್ತಿರ ನಮ್ಮ ನಾಯಿ ಕೆಂಚ ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಸರಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

"ಕೆಂಚನ್ನ ನೋಡ್ಬುಟ್ಟು ಚಿರ್ತೆ ಅಂತೀಯಲ್ಲೇ! ಮದ್ದೂರೋರ್ಗೆ ಬೆಕ್ಕೂ ಚಿರ್ತೆನೇ ಬುಡು."

ಮದ್ದೂರು ಅಂದ ಕೂಡಲೇ ನೀವು ವಡೆ ಕೇಳಬೇಡಿ. ನನ್ನ ತವರು ಗುಂಡ್ಲುಪೇಟೆ ಕಡೆಯ ಮದ್ದೂರು, ಕಾಡಂಚಿನದು. ಆನೆ ದಾಟುವುದನ್ನು ನೋಡಿಕೊಂಡೇ ಶಾಲೆಗೆ ಹೋದವಳು ನಾನು. ನಾಯಿ ಯಾವುದು, ಚಿರತೆ ಯಾವುದು ಅಂತ ನನಗೆ ಹೇಳಿಕೊಡಬೇಕೆ? ಆದರೆ ಯಾರು ಕೇಳುತ್ತಾರೆ! ಎರಡು ದಿನ ಕಳೆಯುವುದರೊಳಗೆ ಊರಲ್ಲಿ ನನಗೆ 'ಚಿರ್ತಮ್ಮ' ಅಂತ ಹೆಸರು ಬಿತ್ತು. ಅರಣ್ಯ ಇಲಾಖೆಯವರು ಬಂದು ನೋಡಿದರು. ನೆಲ ಕಲ್ಲಿನ ಹಾಗೆ ಒಣಗಿತ್ತು, ಒಂದು ಹೆಜ್ಜೆಯೂ ಸಿಗಲಿಲ್ಲ. ಪಾಪ, ಅವರು ನಗಲಿಲ್ಲ. "ಹೆಜ್ಜೆನೋ ಫೋಟೋನೋ ಏನಾದ್ರೂ ಸಿಕ್ಕಿದ್ರೆ ಫೋನ್ ಮಾಡಿ, ಬೋನು ತಂದಿಡ್ತೀವಿ" ಅಂದು ಹೋದರು.

ನಗುವವರು ನಗಲಿ, ನನ್ನ ಚಿಂತೆ ಬೇರೆ ಇತ್ತು. ಸೋಮವಾರದಿಂದ ಅರಿಶಿನ ಕೀಳಲು ಹೆಂಗಸರು ಬರುವವರಿದ್ದರು. ನಸುಕಿಗೇ ಬಂದು ಕಬ್ಬಿನ ಮಗ್ಗುಲಲ್ಲೇ ದಿನವೆಲ್ಲ ಬಗ್ಗಿ ಕೆಲಸ ಮಾಡುವವರು. ಒಬ್ಬಿಬ್ಬರು ಕೈಗೂಸನ್ನೂ ತಂದು ಬದುವಿನಲ್ಲಿ ಮಲಗಿಸುತ್ತಾರೆ. ಅವರಿಗೆ ಏನಾದರೂ ಆದ ಮೇಲೆ 'ನಾನು ಹೇಳಿದ್ದು ನಿಜವಾಗಿತ್ತು' ಅಂದುಕೊಂಡು ಏನು ಮಾಡಲಿ? ಸೋಮವಾರದೊಳಗೆ ನನಗೆ ಒಂದು ಫೋಟೋ ಬೇಕಿತ್ತು.

ನನ್ನ ತಮ್ಮ ಮಂಜು ಒಂದು ರೆಸಾರ್ಟಿನಲ್ಲಿ ಸಫಾರಿ ಜೀಪು ಓಡಿಸುತ್ತಾನೆ. ಅವನಿಗೆ ಫೋನು ಮಾಡಿ ಗೋಳು ಹೇಳಿಕೊಂಡೆ. ಮಂಗಳವಾರ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಬಾ ಅಂದ. ಹೋದರೆ ಕೈಗೆ ಒಂದು ಹಸಿರು ಡಬ್ಬಿ ಕೊಟ್ಟ. ಮರಕ್ಕೆ ಕಟ್ಟುವ ಕ್ಯಾಮೆರಾ. ಎದುರಿಗೆ ಏನು ಅಲ್ಲಾಡಿದರೂ, ಕತ್ತಲಲ್ಲೂ, ತಾನೇ ಫೋಟೋ ತೆಗೆಯುತ್ತದಂತೆ! ನನಗೆ ಅಲ್ಲೇ ಕುಣಿಯುವಷ್ಟು ಖುಷಿ.

"ಭಾನುವಾರ ಸಾಯಂಕಾಲ ಬಂದು ತಗೊಂಡೋಯ್ತೀನಿ ಅಕ್ಕ, ಸೋಮವಾರ ರೆಸಾರ್ಟಲ್ಲಿ ಬೇಕು. ನಾಕು ಸೆಲ್ ಆಕ್ಬೇಕು. ಗಡಿಯಾರದ ಸೆಲ್ ಆಕಿದ್ರೆ ಒಂದ್ರಾತ್ರಿಗೇ ಸತ್ತೋಯ್ತವೆ. ಅದ್ಕೇ ಚಾರ್ಜ್ ಮಾಡೋವು ಕೊಟ್ಟಿದ್ದೀನಿ. ಚಾರ್ಜರ್ ಮಾತ್ರ ಯಾರೋ ಎತ್ಕೊಂಡೋಗ್ಬುಟ್ರು, ನೀನೇ ಒಂದು ತಗೊಂಬುಡು" ಅಂದು ಜೀಪು ಹತ್ತಿ ಹೋದ.

ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಎರಡು ಥರ ಇತ್ತು. ಒಂದು ದಪ್ಪನೆಯದು, ನಾಲ್ಕು ದೀಪದ್ದು. ಇನ್ನೊಂದು ತೆಳ್ಳನೆಯದು, ಒಂದೇ ದೀಪ, ಬೆಲೆಯೂ ಕಡಿಮೆ. ಸೆಲ್ ಚಾರ್ಜ್ ಮಾಡಲು ದೀಪಾವಳಿ ಯಾಕೆ ಅಂದುಕೊಂಡು ನಾನು ತೆಳ್ಳನೆಯದನ್ನೇ ಕೇಳಿದೆ. ಅಂಗಡಿಯವರು ಕೇರಳದ ಕಡೆಯವರು. "ಇದು ಮತಿ ಚೇಚಿ, ಇದೇ ಸಾಕು ಅಕ್ಕ. ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ತೆಗೀರಿ" ಅಂದರು.

ಆ ರಾತ್ರಿಯೇ ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದಾಗಲೂ ಕೆಂಪು ದೀಪ ಉರಿಯುತ್ತಿತ್ತು, ಆದರೂ ಅಂಗಡಿಯವರು ಹೇಳಿದ ಹಾಗೆ ಕಿತ್ತುಬಿಟ್ಟೆ. ಸಂಜೆ ಕ್ಯಾಮೆರಾವನ್ನು ತೊಟ್ಟಿಯ ಎದುರಿನ ತೆಂಗಿನ ಮರಕ್ಕೆ ಕಟ್ಟಿದೆ. ಗುರುವಾರ ಬೆಳಿಗ್ಗೆ ಓಡಿಹೋಗಿ ನೋಡಿದರೆ ಕೆಂಚನ ಎರಡು ಫೋಟೋ, ಆಮೇಲೆ ಏನೂ ಇಲ್ಲ. ಸೆಲ್ ಖಾಲಿ. ಅವತ್ತು ರಾತ್ರಿ ಮತ್ತೆ ಚಾರ್ಜು. ಶುಕ್ರವಾರ ಮತ್ತೆ ಕಟ್ಟಿದೆ. ಶನಿವಾರ ಬೆಳಿಗ್ಗೆ ನೋಡಿದರೆ ಕೆಂಚ ಕಾಲೆತ್ತಿ ಅದೇ ತೆಂಗಿನ ಮರವನ್ನು ಪವಿತ್ರ ಮಾಡುತ್ತಿರುವ ಒಂದೇ ಫೋಟೋ!

"ನಮ್ಮ ನಾಯ್ಗೆ ಚೆಂದಾಗಿ ಸ್ಟುಡಿಯೋ ಇಟ್ಕೊಟ್ಟೆ ಬುಡು" ಅಂದರು ಯಜಮಾನರು.

ಉಳಿದದ್ದು ಒಂದೇ ರಾತ್ರಿ. ಅಳು ಬರುವುದೊಂದು ಬಾಕಿ. ಮಂಜುವಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಪಕ್ಕದಲ್ಲಿ ನಮ್ಮತ್ತೆ ಅವರೆಕಾಳು ಹಿತುಕುತ್ತಾ ಕೂತಿದ್ದರು.

"ರಾತ್ರಿಯೆಲ್ಲ ಆಕಿದ್ಯಾ ಅಕ್ಕ?"

"ರಾತ್ರಿಯೆಲ್ಲ ಹಾಕಿದ್ದೆ ಕಣೋ. ಬೆಳಿಗ್ಗೆ ಎದ್ರೂ ಕೆಂಪು ದೀಪಾನೇ. ನಿನ್ನ ಸೆಲ್ಲೇ ಸರಿ ಇಲ್ಲ."

ಅತ್ತೆ ತಲೆ ಎತ್ತದೆ ಅಂದರು: "ರಾತ್ರಿಯೆಲ್ಲ ಎಲ್ಲಿತ್ತವ್ವ? ನೀನು ಮಲಗ್ತಿದ್ದಂಗೆ ನಾನೇ ಕಿತ್ತಿಡ್ತಿದ್ನಲ್ಲ."

ನಾನು ಅವರ ಕಡೆ ತಿರುಗಿದೆ. "ಯಾಕತ್ತೆ?"

"ಯಾಕೆ ಅಂದ್ರೆ? ಟೀವಿಲಿ ತೋರ್ಸಲಿಲ್ವಾ, ಚಾರ್ಜಿಗೆ ಆಕಿ ಮಲಗಿದ್ರಂತೆ, ಫೋನು ಸಿಡ್ದು ಮನೆನೇ ಸುಟ್ಟೋಯ್ತಂತೆ. ಬೆಳಗಾಗೆದ್ದು ನಾನೇ ಮತ್ತೆ ಸಿಕ್ಸುಬುಡ್ತಿದ್ದೆ, ನೀನು ಬೇಜಾರ್ ಮಾಡ್ಕೋಬಾರ್ದು ಅಂತ."

ಫೋನಿನೊಳಗೆ ಮಂಜು ನಗುವುದು ಮನೆಯೆಲ್ಲ ಕೇಳಿಸಿತು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಕೊನೆಗೆ ಅವನೇ, "ಅತ್ತೆಮ್ಮ ಅನ್ನೋದೂ ಸರಿನೇ ಅಕ್ಕ, ಆ ಚಾರ್ಜರ್‌ಗೆ ತುಂಬಿದ್ದು ಗೊತ್ತಾಗಕ್ಕಿಲ್ಲ. ಈಗ್ಲೇ ಓಗಿ ಒಳ್ಳೇದು ತಗೊಂಬಾ. ಹಗಲಲ್ಲೇ ಚಾರ್ಜ್ ಮಾಡು" ಅಂದ.

ನಾನು ಚಾಮರಾಜನಗರಕ್ಕೆ ಹೊರಟು ನಿಂತರೆ ಅತ್ತೆ ಆಗಲೇ ಸೀರೆ ಬದಲಿಸಿ ಎಲೆ-ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಮನೆಗೆ ಬೆಂಕಿ ಸಾಮಾನು ತರೋದಾದ್ರೆ ನಾನೇ ನೋಡಿ ತತ್ತೀನಿ" ಅಂದರು. ಯಜಮಾನರ ಬೈಕಿನಲ್ಲಿ ಮೂವರೂ ಹೋಗುವ ಹಾಗಿಲ್ಲ, ಅತ್ತೆ ಸೊಸೆ ಬಸ್ಸು ಹತ್ತಿದೆವು.

ಅಂಗಡಿಯಲ್ಲಿ ಮೂರು ಚಾರ್ಜರ್ ತೆಗೆದು ಇಟ್ಟರು. ಮೊದಲನೆಯದು ಗಂಟೆಯೊಳಗೆ ತುಂಬಿಸುತ್ತದೆ ಅಂದ ಕೂಡಲೇ ನಾನು, "ಇದೇ ಕೊಡಿ!" ಅಂದೆ.

ಅತ್ತೆ ಅಡ್ಡ ಬಂದರು. "ತಡಿಯವ್ವ. ಏನಪ್ಪ, ಇದು ಬಿಸಿ ಆಯ್ತದಾ?"

"ಸ್ವಲ್ಪ ಬಿಸಿ ಆಯ್ತದೆ ಕಣಜ್ಜಿ."

"ಇಡು ಅತ್ಲಾಗೆ."

ಎರಡನೆಯದು ಗಂಟೆಯ ಲೆಕ್ಕ ಇಟ್ಟುಕೊಂಡು ತಾನೇ ನಿಲ್ಲುತ್ತದಂತೆ. ನಡುವೆ ಕರೆಂಟು ಹೋದರೆ ಅಂತ ಅತ್ತೆ ಕೇಳಿದರು. ಬಂದ ಮೇಲೆ ಮತ್ತೆ ಮೊದಲಿಂದ ಲೆಕ್ಕ ಹಾಕುತ್ತದೆ ಅಂದರು ಅಂಗಡಿಯವರು.

"ಅಯ್ಯೋ ಶಿವನೇ! ನಮ್ಮ ತೋಟದ ಕರೆಂಟು ದಿನಕ್ಕೆ ಏಸು ಸಲ ಓಯ್ತದೋ, ಏಸು ಸಲ ಬತ್ತದೋ. ತುಂಬಿದ ಒಟ್ಟೆಗೇ ಮತ್ತೆ ಮತ್ತೆ ಬಡುಸ್ತಾ ಕೂತ್ರೆ ಏನಾಯ್ತದೆ? ಇದೂ ಬ್ಯಾಡ."

ಮೂರನೆಯದು ಗುಂಡ್ಲುಪೇಟೆಯಲ್ಲಿ ನಾನು ಬೇಡ ಅಂದ ಥರದ್ದೇ, ನಾಲ್ಕು ದೀಪದ್ದು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಕರು ಆಲು ಕುಡ್ದು ಸಾಕಾದ್ರೆ ತಾನೇ ಬುಡ್ತದೆ. ಇದು ಬುಡ್ತದಾ?"

ಅಂಗಡಿಯವರು ಜೋರಾಗಿ ನಕ್ಕರು. "ಬುಡ್ತದೆ ಕಣಜ್ಜಿ. ಯಾವ ಸೆಲ್ ತುಂಬ್ತದೋ ಅದರ ದೀಪ ಹಸಿರಾಯ್ತದೆ, ಅದಕ್ಕೆ ಕೊಡೋದು ನಿಲ್ಲಿಸ್ತದೆ. ಉಳಿದವಕ್ಕೆ ಕೊಡ್ತಿರ್ತದೆ. ಕರೆಂಟ್ ಹೋಗಿ ಬಂದ್ರೂ ಯಾವುದಕ್ಕೆ ಎಷ್ಟು ಬೇಕು ಅಂತ ನೋಡ್ಕೊಂಡು ಕೊಡ್ತದೆ."

ನಾವು ಜೊತೆಗೆ ತಂದಿದ್ದ, ಮಂಜು ಕೊಟ್ಟ ಸೆಲ್ಲುಗಳನ್ನು ಅದರಲ್ಲಿಟ್ಟು ತೋರಿಸಿದರು. ಮೂರು ದೀಪ ಕೆಂಪಗೆ ಉರಿದವು, ಒಂದು ಮಾತ್ರ ಕಣ್ಣು ಮಿಟುಕಿಸಿತು. ಅದು ಕೆಟ್ಟ ಸೆಲ್ಲಂತೆ! ಒಂದೇ ದೀಪದ ಚಾರ್ಜರಿನಲ್ಲಿ ಇದು ಹೇಗೆ ಗೊತ್ತಾಗಬೇಕು? ಹೊಸದು ನಾಲ್ಕು ಸೆಲ್ಲೂ ತೆಗೆದುಕೊಂಡೆವು. ಹಳೆಯದರ ಜೊತೆ ಬೆರೆಯಬಾರದು ಅಂತ ಅತ್ತೆ ಬಸ್ಸಿನಲ್ಲೇ ಚೀಲ ಬಿಚ್ಚಿ ಹೊಸ ಸೆಲ್ಲುಗಳಿಗೆ ಒಂದೊಂದು ಸುಣ್ಣದ ಬೊಟ್ಟಿಟ್ಟರು.

ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಿದೆವು. ಅತ್ತೆ ಅದರ ಎದುರಿಗೇ ಮಣೆ ಹಾಕಿಕೊಂಡು ಕೂತರು. ನಡುವೆ ಕರೆಂಟು ಹೋಯಿತು. ಅತ್ತೆ ಬೆಟ್ಟದ ದೇವರು ಮಾದಪ್ಪನನ್ನು ಕರೆದರು, ನಾನು ಲೈನ್‌ಮನ್ನನ್ನು ಕರೆದೆ, ಇಬ್ಬರಲ್ಲಿ ಯಾರು ಕೇಳಿಸಿಕೊಂಡರೋ, ಅಂತೂ ಕರೆಂಟು ಬಂತು. ನಾನು ಕೊಟ್ಟಿಗೆಯಲ್ಲಿದ್ದೆ. ಇನ್ನೂ ಹೊತ್ತು ಮುಳುಗಿರಲಿಲ್ಲ, ಒಳಗಿಂದ ಕೂಗು ಬಂತು.

"ಅಸ್ರಾಯ್ತು ಕಣವ್ವೋ! ನಾಕೂ ಅಸ್ರಾಯ್ತು!"

ಹೊಲದಲ್ಲಿದ್ದ ಯಜಮಾನರು ಏನಾಯಿತೋ ಎಂದು ಗುದ್ದಲಿ ಹಿಡಿದೇ ಓಡಿಬಂದರು. ನಾವು ಅತ್ತೆ ಸೊಸೆ ಇಬ್ಬರೂ ಲಾಟರಿ ಹೊಡೆದವರಂತೆ ಕೈ ಹಿಡಿದುಕೊಂಡು ನಗುತ್ತಿದ್ದೆವು. ಸುಣ್ಣದ ಬೊಟ್ಟಿನ ಸೆಲ್ಲು ಹಾಕಿ ಕ್ಯಾಮೆರಾ ಕಟ್ಟಿದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆಯೇ ಬರಲಿಲ್ಲ.

ಭಾನುವಾರ ಬಿಸಿಲು ಬಿದ್ದ ಮೇಲೆ ಕ್ಯಾಮೆರಾ ಬಿಚ್ಚಿ ತಂದೆ. ಅತ್ತೆ ಆಗಲೇ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಜಗುಲಿಗೆ ಬಂದಿದ್ದರು. ಯಜಮಾನರ ಕೈಯಲ್ಲಿ ಕಾಫಿ ಲೋಟ. ಕ್ಯಾಮೆರಾದೊಳಗೆ ಬೆಂಕಿಪೊಟ್ಟಣದಷ್ಟು ಪರದೆ, ಮೂವರೂ ತಲೆಗೆ ತಲೆ ಕೊಟ್ಟು ನೋಡಿದೆವು. ಕೆಂಚ. ಮತ್ತೆ ಕೆಂಚ. ಗಾಳಿಗೆ ಅಲ್ಲಾಡಿದ ಕಬ್ಬಿನ ಗರಿ.

ಆಮೇಲೆ ಬಂತು ನೋಡಿ! ತೊಟ್ಟಿಯ ಅಂಚಿಗೆ ಮುಂಗಾಲು ಕೊಟ್ಟು, ಮೈತುಂಬ ಚುಕ್ಕೆ ಎಣಿಸುವಷ್ಟು ಸ್ಪಷ್ಟವಾಗಿ, ಕಣ್ಣೆರಡೂ ಹೊಳೆಯುತ್ತಾ ನನ್ನ ಚಿರತೆ! "ನೋಡಿ! ನೋಡಿ! ಇದು ಕೆಂಚನಾ? ಹೇಳಿ, ಇದು ನಮ್ಮ ಕೆಂಚನಾ?" ಅಂತ ನಾನು ಕಿರುಚಿದ್ದು ರಸ್ತೆಗೆ ಕೇಳಿಸಿರಬೇಕು. ಯಜಮಾನರ ಲೋಟ ವಾಲಿ ಕಾಫಿಯೆಲ್ಲ ಪಂಚೆ ಮೇಲೆ ಹೋಯಿತು. "ಅಯ್ಯೋ ಮಾದಪ್ಪ" ಅಂದರು, ಅಷ್ಟೇ.

ಆ ಜೋರಿನಲ್ಲೇ ನಾನು ಮುಂದಿನ ಫೋಟೋ ಒತ್ತಿದೆ. ಅದರಲ್ಲಿ ಅತ್ತೆ ಇದ್ದರು. ಕೈಯಲ್ಲಿ ತಾಮ್ರದ ತಂಬಿಗೆ, ಕಬ್ಬಿಗೆ ಬೆನ್ನು ಮಾಡಿ, ಅದೇ ತೊಟ್ಟಿಯ ಮೇಲಿನ ನಲ್ಲಿಗೆ ಬಗ್ಗಿದ್ದರು. ದಿನಾ ನಸುಕಿನಲ್ಲಿ ಪೂಜೆಗೆ ಮೊದಲ ನೀರು ಅವರು ಹಿಡಿಯುವುದು ಅಲ್ಲೇ. ಇಷ್ಟು ದಿನ ಹೊಲಕ್ಕೆ ಬರುವ ಹೆಂಗಸರ ಚಿಂತೆ ಮಾಡಿದ ನನಗೆ ಇದೊಂದು ಹೊಳೆದೇ ಇರಲಿಲ್ಲ.

ಫೋಟೋದ ಕೆಳಗೆ ಗಂಟೆ ನಿಮಿಷ ಬಿದ್ದಿರುತ್ತದೆ. ಚಿರತೆಯದ್ದನ್ನೂ ನೋಡಿದೆ, ಅತ್ತೆಯದ್ದನ್ನೂ ನೋಡಿದೆ. ತಪ್ಪು ಓದಿದೆನೇನೋ ಅಂತ ಇನ್ನೊಮ್ಮೆ ನೋಡಿದೆ. ಯಜಮಾನರೂ ನೋಡಿ ನನ್ನ ಮುಖ ನೋಡಿದರು. ಅತ್ತೆಗೆ ಕನ್ನಡಕವಿಲ್ಲದೆ ಆ ಸಣ್ಣ ಅಂಕಿ ಕಾಣುವುದಿಲ್ಲ.

"ಇದು ಬಂದು ಓಗಿ ಏಟೊತ್ತಾದ ಮೇಲೆ ನಾನು ಓಗಿದ್ದು?" ಅಂತ ಕೇಳಿದರು.

"ತುಂಬಾ ಹೊತ್ತಾಗಿತ್ತು ಅತ್ತೆ" ಅಂದೆ.

ಅವರು "ಊಂ" ಅಂದು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಯಜಮಾನರು ಅರಣ್ಯ ಇಲಾಖೆಯವರಿಗೆ ಫೋನು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬೋನು ಬಂತು. ಅರಿಶಿನ ಕೀಳುವುದನ್ನು ಮುಂದಕ್ಕೆ ಹಾಕಿ ಹೆಂಗಸರಿಗೆಲ್ಲ ಹೇಳಿ ಕಳಿಸಿದೆವು. 'ಚಿರ್ತಮ್ಮ' ಅಂದವರೆಲ್ಲ ಫೋಟೋ ನೋಡಲು ನಮ್ಮ ಜಗುಲಿಯಲ್ಲಿ ಸಾಲಾಗಿ ಕೂತರು. ಪ್ರತಿಯೊಬ್ಬರಿಗೂ ನಾನು ಕೆಂಚನ ಫೋಟೋದಿಂದಲೇ ಶುರು ಮಾಡಿ ತೋರಿಸಿದೆ, ಬಿಟ್ಟೇನೆಯೆ! ಆ ವಾರದಲ್ಲೇ ಚಿರತೆ ಬೋನಿಗೆ ಬಿತ್ತು, ಕಾಡಿಗೆ ಒಯ್ದು ಬಿಟ್ಟರು.

ಮತ್ತೆ ಆ ಭಾನುವಾರ ಸಂಜೆಯ ಮಾತಿಗೆ ಬರುತ್ತೇನೆ. ಮಂಜು ಬಂದು ಕ್ಯಾಮೆರಾ ತೆಗೆದುಕೊಂಡು ಹೋಗಿದ್ದ. ಚಾರ್ಜರ್ ನಮಗೇ ಉಳಿಯಿತು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ನಾನು ಪಕ್ಕದಲ್ಲಿದ್ದೆ. ನನ್ನ ಕಡೆ ತಿರುಗದೆಯೇ ಮೆಲ್ಲಗೆ ಅಂದರು:

"ತುಂಬಾ ಒತ್ತಾಗಿತ್ತು ಅಂದ್ಯಲ್ಲ, ಸುಳ್ಳು ಕಣವ್ವ. ನಾನು ತಂಬಿಗೆ ಹಿಡ್ದಾಗ ತೊಟ್ಟಿ ನೀರು ಇನ್ನೂ ಅಲ್ಲಾಡ್ತಿತ್ತು. ಕೆಂಚ ಕುಡ್ದೋಗಿರ್ಬೇಕು ಅಂದ್ಕಂಡೆ."

ನಾನು ಅವರ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವರೇ ನಗಲು ಶುರು ಮಾಡಿದರು, ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಈಗ ನಮ್ಮ ಮನೆಯ ಟಾರ್ಚು, ಗಡಿಯಾರ ಎಲ್ಲಕ್ಕೂ ಸುಣ್ಣದ ಬೊಟ್ಟಿನ ಸೆಲ್ಲೇ. ಚಾರ್ಜಿಗೆ ಹಾಕುವುದು, ನಾಲ್ಕೂ ಹಸಿರಾದ ಮೇಲೆ ಊರಿಗೆಲ್ಲ ಕೇಳುವ ಹಾಗೆ ಕೂಗುವುದು ಅತ್ತೆಯ ಕೆಲಸ. ನಸುಕಿನಲ್ಲಿ ಪೂಜೆಗೆ ನೀರು ತರುವುದನ್ನು ನಾನು ವಹಿಸಿಕೊಂಡಿದ್ದೇನೆ. ಚಿರತೆ ಹೋಗಿ ವರ್ಷವಾಯಿತು. ಆದರೂ ಒಂದು ದಿನವೂ ನಾನು ನೇರವಾಗಿ ನಲ್ಲಿಗೆ ಕೈ ಹಾಕಿದವಳಲ್ಲ. ದೂರದಲ್ಲೇ ನಿಂತು, ತೊಟ್ಟಿಗೆ ಟಾರ್ಚು ಬಿಟ್ಟು, ಮೊದಲು ನೀರು ನೋಡುತ್ತೇನೆ.