ಹಾಜರಿ ಮಿಷನ್ನಿಗೆ ಆಯುಧಪೂಜೆ

ಸುಂಕದಕಟ್ಟೆಯ ಭೈರೇಶನಿಗೆ ಕೆಲಸ ಬೇಕಿದ್ದುದು ಹೊಟ್ಟೆಪಾಡಿಗಲ್ಲ. ತಾತನ ರಾಗಿ ಹೊಲದಲ್ಲಿ ಅಪ್ಪ ಮುನಿರಾಜು ಬಾಡಿಗೆ ಮನೆಗಳನ್ನು ಬೆಳೆದಿದ್ದರು. ಫಸಲು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ಆದರೆ ಬರೀ ಬಾಡಿಗೆ ತಿನ್ನುವವನಿಗೆ ಈಗ ಯಾರು ಹೆಣ್ಣು ಕೊಡುತ್ತಾರೆ? ಅವನು ನೋಡಿ ಮೆಚ್ಚಿದ್ದ ಹೊಸಹಳ್ಳಿಯ ಕುಸುಮಾಳ ಅಪ್ಪ ವೆಂಕಟೇಶ್ ಅಂತೂ, ಹುಡುಗನ ಕೆಲಸ ಪರ್ಮನೆಂಟ್ ಆದ ಮೇಲೆಯೇ ಮಾತುಕತೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಹಾಗಾಗಿ ಭೈರೇಶ ರಾಜಾಜಿನಗರದ ಒಂದು ವಾಟರ್ ಫಿಲ್ಟರ್ ಕಂಪನಿಯಲ್ಲಿ, ಸರಿಯಾಗಿ ಊಟದ ಹೊತ್ತಿಗೆ ಜನರಿಗೆ ಫೋನ್ ಮಾಡಿ ಬೈಸಿಕೊಳ್ಳುವ ಉದ್ಯೋಗ ಹಿಡಿದ. ಪ್ರತಿ ಸೋಮವಾರ ಮ್ಯಾನೇಜರ್ ಮಧುಕುಮಾರ್ ಎಲ್ಲರನ್ನೂ ನಿಲ್ಲಿಸಿ ಚಪ್ಪಾಳೆ ತಟ್ಟಿಸಿ, ನಾವೆಲ್ಲ ಒಂದೇ ಕುಟುಂಬ, ಕೆಲಸವನ್ನು ಪ್ರೀತಿಸಿ ಎಂದು ಉಪದೇಶ ಮಾಡುತ್ತಿದ್ದ. ಆ ಕುಟುಂಬದ ಹೊಸ್ತಿಲಲ್ಲೇ ಹಾಜರಿ ಮಿಷನ್ ಕೂತಿತ್ತು. ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಹೆಬ್ಬೆರಳು ಅದರ ಮೇಲೆ ತುಸು ತಡವಾಗಿ ಬಿದ್ದರೆ ಅರ್ಧ ದಿನದ ಸಂಬಳ ಹೋಯಿತೆಂದೇ ಲೆಕ್ಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ. ತಾತನೂ ಹೆಬ್ಬೆಟ್ಟು, ಬಿ.ಕಾಂ. ಓದಿದ ಮೊಮ್ಮಗನೂ ಹೆಬ್ಬೆಟ್ಟು, ಇದಕ್ಕೆ ಕಾಲೇಜು ಬೇರೆ ಎಂದು ಮುನಿರಾಜು ಗೊಣಗುತ್ತಿದ್ದರು.

ಆಯುಧಪೂಜೆ ಬಂತು. ಹಳೇ ಊರಿನ ಮನೆತನದವನು, ಶಾಸ್ತ್ರ ಗೊತ್ತಿರುತ್ತದೆ ಎಂದು ಆಫೀಸಿನವರು ಪೂಜೆಯನ್ನು ಭೈರೇಶನಿಗೇ ಒಪ್ಪಿಸಿದರು. ಅವನು ಕಂಪ್ಯೂಟರು, ಫೋನು, ಕುರ್ಚಿ ಎಲ್ಲಕ್ಕೂ ಬೊಟ್ಟಿಟ್ಟ. ಎಲ್ಲರೂ ಹೆದರಿ ನಡೆಯುವ ದೇವರಿಗೆ ಪೂಜೆ ಜೋರಾಗಿಯೇ ಇರಬೇಕಲ್ಲವೇ? ಮಿಷನ್ನಿನ ಗಾಜಿಗೆ ಅರಿಶಿನ ಕಲಸಿ ಬಳಿದು, ಮೇಲೆ ಕುಂಕುಮ ಮೆತ್ತಿ, ಧಾರಾಳವಾಗಿ ತೀರ್ಥ ಪ್ರೋಕ್ಷಿಸಿದ. ಮಿಷನ್ ಒಮ್ಮೆ ಕೀಂ ಎಂದು ಕಣ್ಣು ಮುಚ್ಚಿತು.

ರಿಪೇರಿಗೆ ಒಂದು ವಾರ ಹಿಡಿಯಿತು. ವಿಚಿತ್ರವೆಂದರೆ, ಆ ವಾರ ಯಾರೂ ತಡವಾಗಿ ಬರಲಿಲ್ಲ. ಬಾಪೂಜಿನಗರದ ಅಜ್ಜಿಯೊಬ್ಬರ ಫಿಲ್ಟರ್ ಸೋರುತ್ತಿದೆ ಎಂದು ಫೋನಿನಲ್ಲಿ ತಿಳಿದ ಭೈರೇಶ, ಯಾರೂ ಹೇಳದಿದ್ದರೂ ಸಂಜೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ಸರಿಮಾಡಿಸಿದ. ಅಜ್ಜಿ ಕೊಟ್ಟ ಕಾಫಿ ಕುಡಿಯುವಾಗ, ಅವನಿಗೇ ನಾಚಿಕೆಯಾಗುವಷ್ಟು ಖುಷಿಯಾಗಿತ್ತು. ವ್ಯಾಪಾರವೂ ಏರಿತು. ಚಪ್ಪಾಳೆ ಫಲಿಸಿತು ಎಂದು ಕಂಪನಿ ಮಧುಕುಮಾರನಿಗೆ ಬಡ್ತಿ ಕೊಟ್ಟಿತು.

ಭೈರೇಶನಿಗೆ? ಹೆಬ್ಬೆರಳು ಬೀಳದ್ದರಿಂದ ಆ ವಾರ ಇಡೀ ಆಫೀಸು ಗೈರುಹಾಜರಿ. ಹಳಬರು ರಜೆ ಹಾಕಿ ಸರಿದೂಗಿಸಿಕೊಂಡರು. ಹೊಸಬನಿಗೆ ರಜೆಯೇ ಇಲ್ಲ, ಅವನ ಪರ್ಮನೆಂಟ್ ಮಾತು ಮುಂದಿನ ವರ್ಷಕ್ಕೆ ಹೋಯಿತು. ದಿನಾ ನಿಮ್ಮೆದುರಿಗೇ ಕೂತಿದ್ದೆನಲ್ಲ ಸಾರ್ ಎಂದು ಕೇಳಿದ್ದಕ್ಕೆ, ನಾನು ನೋಡಿದ್ದೇನೆ, ಸಿಸ್ಟಮ್ ನೋಡಿಲ್ಲವಲ್ಲ ಎಂದ ಮಧುಕುಮಾರ್.

ಭಾನುವಾರ ಭೈರೇಶ ಅಪ್ಪನೊಂದಿಗೆ ಹೊಸಹಳ್ಳಿಗೆ ಹೋಗಿ, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ವೆಂಕಟೇಶರ ಮುಖ ಬಿಗಿಯಿತು. ಕುಸುಮಾ ಮಾತ್ರ, ನಿಮಗೆ ಆ ಕೆಲಸದಲ್ಲಿ ತೃಪ್ತಿ ಇದೆಯಾ ಎಂದು ಕೇಳಿದಳು.

“ಒಂದು ವಾರ ಇತ್ತು ಕಣ್ರೀ. ಆ ವಾರ ನಾನು ಕೆಲ್ಸಕ್ಕೇ ಬಂದಿಲ್ಲ ಅಂತಾರೆ.”

ಇನ್ನು ನೀವು ಹೊರಡಬಹುದು ಎಂಬಂತೆ ವೆಂಕಟೇಶ್ ಎದ್ದು ನಿಂತರು. ಬಸವೇಶ್ವರನಗರದ ಆಫೀಸೊಂದರಲ್ಲಿ ದುಡಿಯುವ ಕುಸುಮಾ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡಳು.

“ಕೂತ್ಕೋ ಅಪ್ಪ. ನಮ್ಮಾಫೀಸಲ್ಲೂ ಅದೇ ಮಿಷನ್ನು. ಅರಿಶಿನ ಎಷ್ಟು ಹಚ್ಚಿದ್ರು ಅಂತ ಕೇಳ್ಬೇಕು ನಂಗೆ.”