ಕಣ್ಣಳತೆಯ ನಾಡಿ

ಪಾಪ್ಪನ್ ತೀರಿಹೋಗಿ ಮೂರು ವರ್ಷವಾಯಿತು. ಗ್ರೇಸಿಕುಟ್ಟಿಯನ್ನು ಹೋದ ತಿಂಗಳು ಮಣ್ಣು ಮಾಡಿ ಬಂದೆವು. ಇನ್ನು ಈ ಮಾತು ಹೊರಬಿದ್ದರೆ ನೋಯುವವರು ಯಾರೂ ಉಳಿದಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಸರ್ಕಾರಿ ನರ್ಸಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಗ್ರೇಸಿಕುಟ್ಟಿಯೂ ನಾನೂ ಒಂದೇ ಕೋಣೆಯವರು. ಅವಳು ಓದಿನಲ್ಲಿ ಮುಂದೆ, ನಾನು ಬಾಯಿಯಲ್ಲಿ. ಎರಡನೇ ವರ್ಷ ನಮ್ಮನ್ನು ಹೆಂಗಸರ ವಾರ್ಡಿಗೆ ಹಾಕಿದರು. ನಲವತ್ತು ಮಂಚ, ನೆಲದ ಮೇಲೆ ಹತ್ತು ಚಾಪೆ. ನಾಲ್ಕು ಗಂಟೆಗೆ ಎಲ್ಲರ ಜ್ವರ, ನಾಡಿ, ಉಸಿರು ನೋಡಿ ಮಂಚದ ತುದಿಯ ಹಾಳೆಯಲ್ಲಿ ಬರೆಯಬೇಕು. ಒಬ್ಬೊಬ್ಬರದೇ ಕೈ ಹಿಡಿದು ಕೂತರೆ ಕತ್ತಲಾಗುತ್ತಿತ್ತು. ಅದಕ್ಕೇ ಹಿರಿಯ ಹುಡುಗಿಯರು ನಮಗೊಂದು ವಿದ್ಯೆ ಕಲಿಸಿದ್ದರು: ಯಾರ ಕೈಯನ್ನೂ ಮುಟ್ಟದೆ ಮೂರಕ್ಕೇ ಹಾಳೆ ತುಂಬಿಸಿಬಿಡುವುದು. ಮಲಗಿದ್ದರೆ ಎಪ್ಪತ್ತಾರು, ಕೆಮ್ಮುತ್ತಿದ್ದರೆ ಎಂಬತ್ತನಾಲ್ಕು. ಅದಕ್ಕೆ ಕಣ್ಣಳತೆಯ ನಾಡಿ ಎನ್ನುತ್ತಿದ್ದೆವು. ಸುಳ್ಳೇಕೆ, ನಾನು ಅವಳಿಗಿಂತ ಹೆಚ್ಚೇ ಬರೆದಿದ್ದೇನೆ.

ಭವಾನಿ ಹದಿನೇಳನೇ ಮಂಚದವಳು. ಗಂಡ ಪಾಪ್ಪನ್ ದೋಣಿ ನಡೆಸುವವನು. ಆ ದಿನ ಎರಡು ಗಂಟೆಗೆ ಅವನು ಔಷಧಿ ತರಲು ಪೇಟೆಗೆ ಹೋದ. ಮೂರಕ್ಕೆ ಗ್ರೇಸಿಕುಟ್ಟಿ, ಗೋಡೆಗೆ ಮುಖ ಮಾಡಿ ಮಲಗಿದ್ದ ಭವಾನಿಯನ್ನು ಒಮ್ಮೆ ನೋಡಿ, ಹಾಳೆಯ ನಾಲ್ಕು ಗಂಟೆಯ ಚೌಕದಲ್ಲಿ ಎಪ್ಪತ್ತಾರು ಎಂದು ಬರೆದಳು.

ನಾಲ್ಕೂ ಇಪ್ಪತ್ತಕ್ಕೆ ಪಾಪ್ಪನ್ ಬಂದು ಹೆಂಡತಿಯ ಭುಜ ಅಲುಗಾಡಿಸಿ ಚೀರಿದ. ಓಡಿ ಬಂದ ಡಾಕ್ಟರು ಸೆಟೆದ ದವಡೆ ಮುಟ್ಟಿ, "ಹೋಗಿ ಎರಡು ಗಂಟೆ ಆಗಿದೆ" ಎಂದು ನಮಗಷ್ಟೇ ಕೇಳುವಂತೆ ಗೊಣಗಿದರು. ಹಾಳೆ ನೋಡಿದ ಮೇಲೆ ಸುಮ್ಮನಾದರು. ವಾರ್ಡಿನ ಹಿರಿಯ ಸಿಸ್ಟರ್ ಗ್ರೇಸಿಕುಟ್ಟಿಯನ್ನು ಮೂಲೆಗೆ ಎಳೆದರು.

"ಹಾಳೆಯಲ್ಲಿ ಇರೋದೇ ನಿಜ. ಬಾಯಿ ಬಿಟ್ಟೆಯೋ, ನಿನ್ನ ಓದು ನೀರುಪಾಲು. ತಿಳೀತಾ?"

ಅವಳು ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ಅವಳ ಕೈ ಸುಮ್ಮನಿರಲಿಲ್ಲ. ಮಧ್ಯಾಹ್ನ ನಾನು ಕಣ್ಣು ಮುಚ್ಚಿದರೆ ಸಾಕು, ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳು.

"ಸತ್ತಿಲ್ಲ ಕಣೇ ಮಾರಾಯ್ತಿ, ಮೀನುಸಾರು ತಿಂದು ಮಲಗಿದೀನಿ! ಬಿಡು!"

"ಒಂದೇ ನಿಮಿಷ. ಎಣಿಸಿ ಬಿಡ್ತೀನಿ."

ಎಣಿಕೆ ಎಪ್ಪತ್ತಾರಕ್ಕೆ ನಿಂತರೆ ಅವಳ ಮುಖ ಬಿಳಚಿಕೊಳ್ಳುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಮುಂದೆ ಅದೇ ಕಾಲೇಜಿನಲ್ಲಿ ಟೀಚರಾದಳು. ರೋಗಿಯ ಕೈ ಹಿಡಿಯದೆ ಪೆನ್ನು ಎತ್ತಿದ ಹುಡುಗಿಯರಿಗೆ ಗ್ರಹಚಾರ ಬಿಡಿಸುತ್ತಿದ್ದಳು. ಅವರು ಬೆನ್ನ ಹಿಂದೆ ಅವಳನ್ನು 'ಮಣಿಕಟ್ಟು ಟೀಚರ್' ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನಿವೃತ್ತಿಯಾದ ವಾರ ನನ್ನ ಮನೆಗೆ ಬಂದಳು.

"ನಾಲ್ಕು ಹೊಡೆದ್ರೆ ಭವಾನಿ ಗೋಡೆಯಿಂದ ಈ ಕಡೆ ತಿರುಗ್ತಾಳೆ ಕಣೇ. ಕೈ ಚಾಚ್ತಾಳೆ. ಪಾಪ್ಪನ್ ಮುಂದೆ ಒಪ್ಕೊಂಡ್ರೆ ಬಿಟ್ಟಾಳು. ನೀನೂ ಬಾ."

ಹೋದೆವು. ಕುಟ್ಟನಾಡಿನ ಕಾಲುವೆಯ ದಡದಲ್ಲಿ ಅವನ ಮನೆ. ಪಾಪ್ಪನ್ ತೀರಾ ಮುದುಕನಾಗಿದ್ದ.

"ಭವಾನಿ ಅಕ್ಕ ಇದ್ದ ವಾರ್ಡಿನ ಹುಡುಗಿ ನಾನು," ಎಂದಳು ಗ್ರೇಸಿಕುಟ್ಟಿ. "ಆ ನಾಲ್ಕು ಗಂಟೆ ಹಾಳೆಯಲ್ಲಿ…"

ಅವನು ಮುಗಿಸಲು ಬಿಡಲಿಲ್ಲ. "ನೀನೇನಾ ಮಗಳೇ ಅದು! ನಾಲ್ಕು ಗಂಟೆಗೆ ಅವಳ ಕೈ ಹಿಡಿದು ಕೂತಿದ್ದವಳು? ಸಿಸ್ಟರ್ ಹೇಳಿದ್ರು. ನಾನಿಲ್ದೇ ಇದ್ರೂ ಅವಳು ಒಂಟಿಯಾಗಿ ಹೋಗ್ಲಿಲ್ಲವಲ್ಲ ಅಂತ್ಲೇ ಇಷ್ಟು ವರ್ಷ ಜೀವ ಹಿಡ್ಕೊಂಡಿದೀನಿ."

ಅವನು ಮುಂದಕ್ಕೆ ಬಾಗಿದ.

"ಒಂದು ಕೇಳ್ಲಾ? ನಾನು ಮುಟ್ಟಿದಾಗ ತಣ್ಣಗಿತ್ತು. ನೀನು ಹಿಡಿದಾಗ ಕೈ ಬೆಚ್ಚಗಿತ್ತಾ?"

ಹೇಳಿಬಿಡು ಎಂದು ನನಗನ್ನಿಸಿತು. ಹೇಳಬೇಡ ಎಂದೂ ಅನ್ನಿಸಿತು.

"ಬೆಚ್ಚಗಿತ್ತು," ಎಂದಳು.

ಮುದುಕ ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿ ಅತ್ತ. ಆಮೇಲೆ ನಮಗೆ ಕಪ್ಪು ಚಹಾ ಮಾಡಿಸಿದ.

ವಾಪಸ್ಸಿನ ದೋಣಿಯಲ್ಲಿ ಅವಳು ನನ್ನ ಪಕ್ಕ ಕೂತಳು. ನನ್ನ ಕಡೆ ತಿರುಗಿ, "ಇನ್ನು ಒಪ್ಕೊಳ್ಳೋಕೂ ದಾರಿ ಇಲ್ಲ, ಅಲ್ವೇನೇ?" ಎಂದಳು.